‘ನನ್ನ ಫೋನಿನಲ್ಲಿ ಸರಿಯಾಗೇ ಇದೆಯಲ್ಲ!’

(ಶಿರಸಿಯಲ್ಲಿ, ಆ್ಯಂಡ್ರಾಯ್ಡ್ ಆ್ಯಪ್ ಮಾಡಲು ಕಲಿಯುತ್ತಿರುವವರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ದೊಡ್ಡಪ್ಪನ ವಿಷಯ ಹೇಳಿಬಿಡುತ್ತೇನೆ. ನಾನು ಮಾಡಿದ ಮೊದಲ ಆ್ಯಪ್‌ಗೆ ಅವರೇ ಮೊದಲ ಗಿರಾಕಿ. ಅಡಿಕೆಯಲ್ಲಿ ಚಾಲಿ ಎಷ್ಟು, ರಾಶಿ ಎಷ್ಟು, ಯಾವ ದಿನ ಎಷ್ಟು ಚೀಲ ಮಾರಿದೆವು, ಏನು ದರ ಸಿಕ್ಕಿತು ಎಂದು ಬರೆದಿಡುವ ಸಣ್ಣ ಆ್ಯಪ್. ಕೊಟ್ಟ ಮೂರನೇ ದಿನ ಫೋನ್ ಬಂತು. “ತಮಾ, ಬರದಿದ್ದು ಒಂದೂ ಉಳೀತಿಲ್ಲೆ. ನಿನ್ನ ಆಪು ಹಾಳಾಗೋತು ಮಾರಾಯ.” ನನ್ನ ಫೋನ್ ತೆಗೆದು ನೋಡಿದೆ. ಬರೆದೆ, ಉಳಿಯಿತು. ಮತ್ತೆ ಬರೆದೆ, ಮತ್ತೆ ಉಳಿಯಿತು. ನನ್ನಲ್ಲಿ ಸರಿಯಾಗೇ ಇದೆ ಎಂದು ಹೇಳಿ ಫೋನಿಟ್ಟೆ. ಆದರೂ ಮನಸ್ಸು ತಡೆಯಲಿಲ್ಲ. ಒಂದು ವಾರ ಡೇಟಾಬೇಸ್ ಕೋಡನ್ನು ಬಿಚ್ಚುವುದು, ಕಟ್ಟುವುದು, ಅದೇ ಕೆಲಸ.

ಊರಿಗೆ ಹೋದಾಗ ಗೊತ್ತಾಯಿತು. ಕಣ್ಣು ಮಂಜಾಗುತ್ತದೆ ಎಂದು ದೊಡ್ಡಪ್ಪ ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿಟ್ಟಿದ್ದರು. ಹಾಗಾಗಿ ನನ್ನ ‘ಉಳಿಸು’ ಬಟನ್ ಪರದೆಯ ಕೆಳಗೆ ಜಾರಿ ಹೋಗಿತ್ತು. ಆ ಪುಟ ಸ್ಕ್ರಾಲ್ ಆಗುವಂತೆ ನಾನು ಮಾಡಿರಲಿಲ್ಲ. ಅವರು ಪಾಪ, ಎಲ್ಲ ತುಂಬಿ, ಬಟನ್ ಕಾಣದೆ ಹಿಂದಕ್ಕೆ ಒತ್ತಿ ಹೊರಗೆ ಬರುತ್ತಿದ್ದರು. ಡೇಟಾಬೇಸಿನಲ್ಲಿ ಒಂದೂ ತಪ್ಪಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಇವತ್ತು ನಾನು ಹೇಳಬೇಕು ಎಂದುಕೊಂಡಿರುವುದು ಇದನ್ನೇ. ಆ್ಯಪ್‌ನ ತೊಂದರೆಗೆ ಒಂದು ಜಾಗ ಇರುತ್ತದೆ. ಅದು ಬಳಸುವವರ ಫೋನು, ಅವರ ಭಾಷೆ, ಅವರ ಅಕ್ಷರದ ಗಾತ್ರ, ಅವರಿಗೆ ಸಿಗುವ ಸಿಗ್ನಲ್ಲು. ತೊಂದರೆ ಅಲ್ಲಿ ಹುಟ್ಟುತ್ತದೆ, ನಾವು ಇಲ್ಲಿ ಕುಳಿತು ಹುಡುಕುತ್ತೇವೆ. ಮೊದಲು ಅದನ್ನು ನಮ್ಮ ಕಣ್ಣೆದುರು ಮತ್ತೊಮ್ಮೆ ಆಗುವಂತೆ ಮಾಡಬೇಕು. ಅದು ಬರುವವರೆಗೆ ಕೋಡ್ ಮುಟ್ಟಬಾರದು. ಸುಮ್ನೆ ಮುಟ್ಟಿದರೆ ಹಳೆಯ ತಪ್ಪಿನ ಜೊತೆ ಹೊಸದೊಂದು ಸೇರುತ್ತದೆ, ಅಷ್ಟೇ.

ಹಾಗಾಗಿ ಯಾರಾದರೂ ‘ಆಗುತ್ತಿಲ್ಲ’ ಎಂದರೆ ನಾನೀಗ ಕೇಳುವ ಪ್ರಶ್ನೆಗಳೇ ಬೇರೆ. ಯಾವ ಫೋನು, ಆ್ಯಂಡ್ರಾಯ್ಡ್ ಎಷ್ಟನೆಯದು, ಫೋನಿನ ಭಾಷೆ ಯಾವುದು, ಆಗ ನೀವು ಎಲ್ಲಿದ್ದಿರಿ, ಅದಕ್ಕೂ ಮುಂಚೆ ಏನು ಒತ್ತಿದಿರಿ. ಆಗುವುದಾದರೆ ಪರದೆಯನ್ನು ರೆಕಾರ್ಡ್ ಮಾಡಿ ಕಳಿಸಿ ಎನ್ನುತ್ತೇನೆ. ಅರ್ಧ ಕೇಸು ಅಲ್ಲಿಗೇ ಮುಗಿಯುತ್ತದೆ.

ಇನ್ನು ಕ್ರ್ಯಾಶ್. ಆ್ಯಪ್ ಫಟ್ಟನೆ ಮುಚ್ಚಿಕೊಂಡರೆ ಹೊಸಬರು ಹೆದರುತ್ತಾರೆ. ನನ್ನ ಮಟ್ಟಿಗೆ ಅದು ಒಳ್ಳೆಯ ಸುದ್ದಿ, ಯಾಕೆಂದರೆ ಅದು ಸಾಕ್ಷಿ ಬಿಟ್ಟು ಹೋಗುತ್ತದೆ. ಆ್ಯಂಡ್ರಾಯ್ಡ್ ಸ್ಟುಡಿಯೋದ (ನಾವು ಆ್ಯಪ್ ಬರೆಯುವ ತಂತ್ರಾಂಶ) ಲಾಗ್‌ಕ್ಯಾಟ್ ತೆರೆಯಿರಿ, ಫೋನಿನೊಳಗೆ ಏನಾಯಿತು ಎಂಬ ದಾಖಲೆ ಅಲ್ಲಿರುತ್ತದೆ. ‘ಫೇಟಲ್ ಎಕ್ಸೆಪ್ಷನ್’ ಎಂಬ ಸಾಲು ಹುಡುಕಿ. ಅದರ ಕೆಳಗೆ 40, 50 ಕೆಂಪು ಸಾಲು ಇರಬಹುದು. ಎಲ್ಲವನ್ನೂ ಓದಬೇಕಾಗಿಲ್ಲ. ‘ಕಾಸ್ಡ್ ಬೈ’ ಎಂದು ಎಲ್ಲೆಲ್ಲಿದೆ ನೋಡಿ, ಅದರಲ್ಲಿ ಕೊನೆಯದಕ್ಕೆ ಹೋಗಿ. ಅಲ್ಲಿಂದ ಕೆಳಗೆ ಬರುತ್ತಾ ನಿಮ್ಮದೇ ಪ್ಯಾಕೇಜ್ ಹೆಸರಿರುವ ಮೊದಲ ಸಾಲು ಎಲ್ಲಿದೆಯೋ ಅಲ್ಲಿ ನಿಲ್ಲಿ. ಫೈಲಿನ ಹೆಸರು, ಸಾಲಿನ ನಂಬರು ಎರಡೂ ಅಲ್ಲೇ ಇರುತ್ತವೆ, ಕ್ಲಿಕ್ ಮಾಡಿದರೆ ಸೀದಾ ಕೋಡಿಗೆ ಕರೆದುಕೊಂಡು ಹೋಗುತ್ತದೆ. ಈಗ ಎಐಗೆ ಅಂಟಿಸಿ ಕೇಳುವುದು ರೂಢಿ. ಕೇಳಿ, ತಪ್ಪಲ್ಲ. ಆದರೆ ಮೊದಲ ಸಾಲು ಒಂದನ್ನೇ ಅಂಟಿಸಬೇಡಿ. ಅರ್ಧ ಕೇಳಿದರೆ ಅದು ಧೈರ್ಯವಾಗಿ ಪೂರ್ತಿ ಊಹೆ ಹೇಳುತ್ತದೆ.

ಈಗ ಕಾರವಾರದ ಕಥೆಗೆ ಬರುತ್ತೇನೆ. ಇದಕ್ಕೆ ಸ್ವಲ್ಪ ಹೊತ್ತು ಬೇಕು.

ಮೀನು ಕೊಂಡು ಮಾರುವ ಒಬ್ಬರಿಗೆ ತೂಕ ಬರೆದುಕೊಳ್ಳುವ ಆ್ಯಪ್ ಮಾಡಿಕೊಟ್ಟಿದ್ದೆ. ಬೈತಖೋಲ್ ಬಂದರಿನಲ್ಲಿ ಬೆಳಗಿನ ಜಾವದ ವ್ಯಾಪಾರ. ಎಷ್ಟು ಬಾಕ್ಸ್, ಎಷ್ಟು ಕಿಲೋ, ಏನು ದರ. ಅವರ ಕಡೆ ನಾಲ್ಕು ಜನ ನಾಲ್ಕು ಫೋನಿನಲ್ಲಿ ಬರೆಯುತ್ತಿದ್ದರು. ಮೂವರದ್ದು ಸರಿ. ನಾಲ್ಕನೆಯವರದ್ದು ಮಾತ್ರ ತೂಕ ಹಾಕಿ ಸೇವ್ ಒತ್ತಿದ ಕೂಡಲೇ ಮುಚ್ಚಿಹೋಗುತ್ತಿತ್ತು. ಫೋನು ಹಳೆಯದಿರಬೇಕು, ಮೆಮೊರಿ ಸಾಲುತ್ತಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಚಿತ್ರಗಳನ್ನು ಸಣ್ಣದು ಮಾಡಿದೆ, ಲೈಬ್ರರಿ ಬದಲಿಸಿದೆ. ಮೂರು ದಿನ ಹೋಯಿತು. ಕೊನೆಗೆ ಬಸ್ ಹತ್ತಿದೆ.

ಫೋನು ನೋಡಿದರೆ ನನ್ನದಕ್ಕಿಂತ ಹೊಸದು! ಕೇಬಲ್ ಚುಚ್ಚಿ, ಲಾಗ್‌ಕ್ಯಾಟ್ ತೆರೆದು, ಅವರ ಕೈಯಲ್ಲೇ ಸೇವ್ ಒತ್ತಿಸಿದೆ. ‘ನಂಬರ್ ಫಾರ್ಮ್ಯಾಟ್ ಎಕ್ಸೆಪ್ಷನ್’ ಎಂದು ಬಂತು. ಪಕ್ಕದಲ್ಲಿ, ಯಾವ ಪಠ್ಯವನ್ನು ಸಂಖ್ಯೆ ಮಾಡಲು ಆಗಲಿಲ್ಲ ಎಂದು ತೋರಿಸುತ್ತದಲ್ಲ, ಅಲ್ಲಿ ಹನ್ನೆರಡೂವರೆ ಕಿಲೋ ಎಂದಿತ್ತು. ಆದರೆ ನಾಗರಿ ಅಂಕಿಗಳಲ್ಲಿ! ಅವರ ಫೋನಿನ ಭಾಷೆ ಮರಾಠಿ.

ಕಾರವಾರದಲ್ಲಿ ಇದೇನೂ ಆಶ್ಚರ್ಯ ಅಲ್ಲ. 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಕಡೆಯ ಆಡಳಿತದಲ್ಲಿತ್ತು. ಅಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಒಂದೇ ಬೀದಿಯಲ್ಲಿ ಕೇಳುತ್ತವೆ. ಆಶ್ಚರ್ಯಪಡಬೇಕಾದ್ದು ನಾನು ಇದನ್ನು ಯೋಚಿಸದೆ ಇದ್ದದ್ದಕ್ಕೆ.

ಆಗಿದ್ದು ಹೀಗೆ. ತೂಕವನ್ನು ಎರಡು ದಶಮಾಂಶಕ್ಕೆ ಇಳಿಸಲು ‘ಸ್ಟ್ರಿಂಗ್ ಫಾರ್ಮ್ಯಾಟ್’ ಬಳಸಿದ್ದೆ. ಅಂದರೆ ಸಂಖ್ಯೆಯನ್ನು ಪಠ್ಯ ಮಾಡಿ, ಆ ಪಠ್ಯವನ್ನು ಮತ್ತೆ ಸಂಖ್ಯೆ ಮಾಡುತ್ತಿದ್ದೆ. ಸೋಮಾರಿ ದಾರಿ. ಯಾವ ಭಾಷೆಯಲ್ಲಿ ಎಂದು ನಾವು ಹೇಳದಿದ್ದರೆ ‘ಸ್ಟ್ರಿಂಗ್ ಫಾರ್ಮ್ಯಾಟ್’ ಫೋನಿನ ಭಾಷೆಯ ಅಂಕಿಗಳನ್ನೇ ಹಾಕುತ್ತದೆ. ಮರಾಠಿಗೆ ಮಾಮೂಲಿ ಅಂಕಿ ನಾಗರಿ. ಅದನ್ನು ವಾಪಸ್ ಸಂಖ್ಯೆ ಮಾಡುವ ‘ಟು ಡಬಲ್’ಗೆ ನಾಗರಿ ಅಂಕಿ ಅರ್ಥವಾಗುವುದಿಲ್ಲ. ಅಲ್ಲೇ ಬಿತ್ತು.

ಇದರಲ್ಲಿ ಇನ್ನೂ ಎರಡು ತಮಾಷೆ ಇವೆ. ಬಾಕ್ಸುಗಳ ಲೆಕ್ಕ ಅದೇ ಫೋನಿನಲ್ಲಿ ಸರಿಯಾಗಿ ಸೇವ್ ಆಗುತ್ತಿತ್ತು. ಯಾಕೆ ಗೊತ್ತಾ? ಪೂರ್ಣಾಂಕಕ್ಕೆ ಬಳಸುವ ‘ಟು ಇಂಟ್’ಗೆ ಯಾವ ಲಿಪಿಯ ಅಂಕಿಯೂ ನಡೆಯುತ್ತದೆ. ದಶಮಾಂಶಕ್ಕೆ ಮಾತ್ರ ತಕರಾರು. ಒಂದೇ ಪುಟದಲ್ಲಿ ಒಂದು ಸರಿ, ಒಂದು ತಪ್ಪು. ದೂರದಲ್ಲಿ ಕುಳಿತು ಊಹೆ ಮಾಡಿದ್ದರೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಎರಡನೆಯದು, ನಾನು ಕನ್ನಡ ಭಾಷೆ ಇಟ್ಟು ಪರೀಕ್ಷೆ ಮಾಡಿದ್ದೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. ಆದರೆ ಆ್ಯಂಡ್ರಾಯ್ಡ್‌ನಲ್ಲಿ ಕನ್ನಡ ಇಟ್ಟರೂ ಅಂಕಿ ಮಾಮೂಲಿ 1, 2, 3 ಎಂದೇ ಬರುತ್ತದೆ. ಕನ್ನಡದಲ್ಲಿ ಪಾಸಾದದ್ದು ಮರಾಠಿಯಲ್ಲಿ ಫೇಲಾಯಿತು.

ಪರಿಹಾರ ಒಂದೇ ಸಾಲು. ಉಳಿಸುವುದಕ್ಕೆ, ಸರ್ವರಿಗೆ ಕಳಿಸುವುದಕ್ಕೆ ಅಂಕಿಯನ್ನು ಪಠ್ಯ ಮಾಡಲೇಬೇಕಿದ್ದರೆ ‘ಲೊಕೇಲ್ ರೂಟ್’, ಅಂದರೆ ಯಾವ ಭಾಷೆಗೂ ಸೇರದ ಮಾಮೂಲಿ ಅಂಕಿ, ಎಂದು ಬಾಯಿಬಿಟ್ಟು ಹೇಳಿ. ಪರದೆ ಮೇಲೆ ತೋರಿಸುವಾಗ ಮಾತ್ರ ಫೋನಿನ ಭಾಷೆಗೆ ಬಿಡಿ. ಇನ್ನೂ ಒಳ್ಳೆಯದು, ಸಂಖ್ಯೆಯನ್ನು ಪಠ್ಯದ ಮೂಲಕ ಓಡಿಸಲೇಬೇಡಿ. ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟರೆ ಈ ಜಗಳವೇ ಇಲ್ಲ. ನಾಚಿಕೆಯ ವಿಷಯ ಎಂದರೆ ಕೋಡಿನ ತಪ್ಪು ಹುಡುಕುವ ಸ್ಟುಡಿಯೋದ ಲಿಂಟ್ ಆ ಸಾಲಿಗೆ ಹಳದಿ ಬಣ್ಣ ಬಳಿದು ಮೊದಲೇ ಎಚ್ಚರಿಸಿತ್ತು. ಹಳದಿ ತಾನೇ, ಕೆಂಪಲ್ಲವಲ್ಲ ಎಂದು ಬಿಟ್ಟಿದ್ದೆ.

ಮುಂದಿನದು ಘಟ್ಟದ್ದು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದವರಿಗೆ ಗೊತ್ತು, ಸಿಗ್ನಲ್ ಇರುತ್ತದೆ, ಇರುವುದಿಲ್ಲ, ಒಂದು ಕಡ್ಡಿ ಇರುತ್ತದೆ. ಪೂರ್ತಿ ಇಲ್ಲದಿದ್ದರೆ ತೊಂದರೆ ಕಡಿಮೆ. ಏರೋಪ್ಲೇನ್ ಮೋಡ್ ಹಾಕಿ ಎಲ್ಲರೂ ಪರೀಕ್ಷೆ ಮಾಡುತ್ತಾರೆ, ‘ಇಂಟರ್ನೆಟ್ ಇಲ್ಲ’ ಎಂದು ತೋರಿಸುತ್ತಾರೆ, ಮುಗಿಯಿತು. ಕಾಟ ಕೊಡುವುದು ಆ ಒಂದು ಕಡ್ಡಿ. ಫೋನು ಕನೆಕ್ಟ್ ಆಗಿದೆ ಎನ್ನುತ್ತದೆ, ಡೇಟಾ ಹಂದುವುದಿಲ್ಲ.

ಒಬ್ಬ ವ್ಯಾಪಾರಿ ಕಾರಿನಲ್ಲಿ ಹೋಗುತ್ತಾ ಆರ್ಡರ್ ಹಾಕಿದ್ದಾರೆ. ಆರ್ಡರ್ ಸರ್ವರಿಗೆ ಮುಟ್ಟಿದೆ, ಸೇವ್ ಕೂಡ ಆಗಿದೆ. ‘ಆಯಿತು’ ಎನ್ನುವ ಉತ್ತರ ಮಾತ್ರ ದಾರಿಯಲ್ಲಿ ಸತ್ತಿದೆ. ಸರ್ವರ್ ಜೊತೆ ಮಾತಾಡಲು ಬಳಸುವ ಓಕೆಎಚ್‌ಟಿಟಿಪಿ ಲೈಬ್ರರಿ ನಾವೇನೂ ಹೇಳದಿದ್ದರೆ 10 ಸೆಕೆಂಡ್ ಕಾದು ಕೈ ಬಿಡುತ್ತದೆ. ಆ್ಯಪ್ ‘ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಎಂದಿತು. ಅವರು ಮತ್ತೆ ಒತ್ತಿದರು. ಒಂದೇ ಆರ್ಡರ್ ಎರಡಾಯಿತು. ನಾನು ಮನೆಯಲ್ಲಿ ವೈಫೈ ಮೇಲೆ ನೂರು ಸಲ ಒತ್ತಿದರೂ ಇದು ಬರುವುದಿಲ್ಲ.

ಇದನ್ನು ಬರಿಸಲು ಘಟ್ಟಕ್ಕೆ ಹೋಗಬೇಕೆಂದಿಲ್ಲ. ಸರ್ವರಿನಲ್ಲಿ ಆರ್ಡರ್ ಸೇವ್ ಆದ ಮೇಲೆ, ಉತ್ತರ ಕೊಡುವ ಮುಂಚೆ, ಬೇಕೆಂದೇ 15 ಸೆಕೆಂಡ್ ನಿಲ್ಲಿಸಿ. ದೇವಿಮನೆ ಘಟ್ಟ ನಿಮ್ಮ ಟೇಬಲ್ ಮೇಲೇ ಬಂತು. ಆಮೇಲೆ ಸರಿ ಮಾಡುವುದು ಸುಲಭ. ಆರ್ಡರ್ ಬರೆಯುವಾಗಲೇ ಫೋನಿನಲ್ಲಿ ಅದಕ್ಕೊಂದು ಗುರುತಿನ ಸಂಖ್ಯೆ ಹುಟ್ಟಿಸಿ, ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಹೋಗಲಿ. ಈ ಸಂಖ್ಯೆ ಮೊದಲೇ ಬಂದಿದೆ ಎಂದರೆ ಸರ್ವರ್ ಹೊಸದಾಗಿ ಬರೆಯದೆ ‘ಆಯಿತು’ ಎಂದು ಹೇಳಲಿ. ನಮ್ಮ ಕಡೆಗೆ ಮಾಡುವ ಆ್ಯಪ್ ಆದರೆ ಇನ್ನೂ ಒಂದು ಹೆಜ್ಜೆ ಹೋಗಿ. ಮೊದಲು ಫೋನಿನ ರೂಮ್ ಡೇಟಾಬೇಸಿನಲ್ಲೇ ಬರೆದಿಡಿ, ಸಿಗ್ನಲ್ ಬಂದಾಗ ವರ್ಕ್ ಮ್ಯಾನೇಜರ್ ಕಳಿಸಲಿ. ಸಮುದ್ರಕ್ಕೆ ಹೋದ ಬೋಟಿನವರು ‘ದಯವಿಟ್ಟು ಇಂಟರ್ನೆಟ್ ಪರೀಕ್ಷಿಸಿ’ ಎಂಬುದನ್ನು ಓದಿ ಏನು ಮಾಡಬೇಕು ಹೇಳಿ?

ಆ್ಯಪ್ ಮುಚ್ಚುವುದಿಲ್ಲ, ಸುಮ್ಮನೆ ಗರ ಬಡಿದ ಹಾಗೆ ನಿಲ್ಲುತ್ತದೆ ಎಂದರೆ ಅದು ಬಹುಪಾಲು, ಪರದೆಯನ್ನು ನೋಡಿಕೊಳ್ಳುವ ಮೇನ್ ಥ್ರೆಡ್‌ನ ತೊಂದರೆ. ಹೋಟೆಲ್ಲಿನಲ್ಲಿ ಇರುವ ಒಬ್ಬನೇ ಮಾಣಿ ತಾನೇ ಒಳಗೆ ಹೋಗಿ ದೋಸೆ ಹೊಯ್ಯಲು ನಿಂತರೆ ಹೊರಗೆ ಕೂತವರನ್ನು ಕೇಳುವವರು ಯಾರು? ಒತ್ತಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ‘ಈ ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂದು ಆ್ಯಂಡ್ರಾಯ್ಡೇ ಸಾರುತ್ತದೆ. ಫೈಲು, ಡೇಟಾಬೇಸು, ನೆಟ್‌ವರ್ಕು ಎಲ್ಲವನ್ನೂ ಕೋರೂಟೀನ್‌ಗೆ ಹಾಕಿ ಹಿಂದೆ ಕಳಿಸಿ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಪಾಠದಲ್ಲೂ ಇರುತ್ತದೆ.

ಪಾಠದಲ್ಲಿ ಕಡಿಮೆ ಸಿಗುವುದು ಇದು. ಫಾರಂ ಅರ್ಧ ತುಂಬಿರುತ್ತಾರೆ, ಫೋಟೋ ತೆಗೆಯಲು ಕ್ಯಾಮೆರಾ ತೆರೆಯುತ್ತಾರೆ, ವಾಪಸ್ ಬಂದರೆ ಫಾರಂ ಖಾಲಿ. ನಿಮ್ಮ ಫೋನಿನಲ್ಲಿ ಆಗುವುದಿಲ್ಲ, ಕಡಿಮೆ ಮೆಮೊರಿಯ ಫೋನಿನಲ್ಲಿ ಆಗುತ್ತದೆ. ಕ್ಯಾಮೆರಾಗೆ ಜಾಗ ಬೇಕು ಎಂದು ಆ್ಯಂಡ್ರಾಯ್ಡ್ ನಿಮ್ಮ ಆ್ಯಪನ್ನು ಹಿಂದಿನಿಂದ ಕೊಂದಿರುತ್ತದೆ. ಫೋನ್ ತಿರುಗಿಸಿದಾಗ, ಪರದೆಯ ಮಾಹಿತಿ ಹಿಡಿದಿಡುವ ವ್ಯೂ ಮಾಡೆಲ್ ಉಳಿಯುತ್ತದೆ, ಈ ಸಾವಿನಲ್ಲಿ ಅದೂ ಹೋಗುತ್ತದೆ. ಮುಖ್ಯವಾದ ಅಕ್ಷರಗಳನ್ನು ‘ಸೇವ್ಡ್ ಸ್ಟೇಟ್’ನಲ್ಲಿ ಇಡಬೇಕು. ಅರ್ಧ ಪರೀಕ್ಷೆ ಮಾಡಲು ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಎಂಬ ಸ್ವಿಚ್ ಇದೆ. ಪೂರ್ತಿ ಸಾವನ್ನೇ ನೋಡಬೇಕಾದರೆ ಆ್ಯಪನ್ನು ಹಿಂದಕ್ಕೆ ಕಳಿಸಿ, ಎಡಿಬಿಯಿಂದ (ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ‘ಕಿಲ್’ ಕೊಟ್ಟು, ಮತ್ತೆ ತೆರೆಯಿರಿ.

ನಮ್ಮ ಕೋಡನ್ನು ಆ್ಯಪ್ ಆಗಿ ಕಟ್ಟಿಕೊಡುವ ಗ್ರೇಡಲ್ ಬಗ್ಗೆ ಕೇಳಿಯೇ ಕೇಳುತ್ತೀರಿ. ಮಳೆಗಾಲದಲ್ಲಿ ನಮ್ಮ ಕಡೆ ಗ್ರೇಡಲ್‌ಗೆ ಬರುವ ಕಾಯಿಲೆ ಒಂದೇ: ಅರ್ಧ ಡೌನ್‌ಲೋಡು. ಗ್ರೇಡಲ್ ಜಿಪ್ 100 ಎಂಬಿಗಿಂತ ದೊಡ್ಡದು. ಹಾಟ್‌ಸ್ಪಾಟ್‌ನಲ್ಲಿ ಇಳಿಯುತ್ತಾ ಇರುವಾಗ ನೆಟ್ ಹೋಗುತ್ತದೆ ಅಥವಾ ಬ್ಯಾಟರಿ ಸತ್ತ ಲ್ಯಾಪ್‌ಟಾಪಿನ ಕರೆಂಟೇ ಹೋಗುತ್ತದೆ. ಮತ್ತೆ ಶುರು ಮಾಡಿದರೆ ‘ಜಿಪ್ ಎಕ್ಸೆಪ್ಷನ್’ ಎನ್ನುತ್ತದೆ. ಇದಕ್ಕೆ ಸ್ಟುಡಿಯೋವನ್ನೇ ತೆಗೆದು ಮತ್ತೆ ಹಾಕಿದವರು ಇಲ್ಲಿ ಎಷ್ಟು ಜನ? (ಹತ್ತಾರು ಕೈ ಎದ್ದವು.) ಅಯ್ಯೋ ದೇವರೇ. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಡಾಟ್ ಗ್ರೇಡಲ್’ ಇದೆ, ಅದರೊಳಗೆ ‘ರ‍್ಯಾಪರ್’, ಅದರೊಳಗೆ ‘ಡಿಸ್ಟ್ಸ್’. ಅಲ್ಲಿ ಆ ಒಂದು ಆವೃತ್ತಿಯ ಫೋಲ್ಡರ್ ಅಳಿಸಿ ಸಿಂಕ್ ಮಾಡಿ, ಸಾಕು. ಎಲ್ಲ ಇಳಿದಾದ ಮೇಲೆ ಗ್ರೇಡಲ್‌ಗೆ ಆಫ್‌ಲೈನ್ ಮೋಡ್ ಕೂಡ ಇದೆ, ಮಳೆಗಾಲಕ್ಕೆ ಬಳಸಿ. ಇನ್ನು ಹಳೆಯ ಪ್ರಾಜೆಕ್ಟಿಗೆ ಹೊಸ ಪ್ಲಗಿನ್ ಹಾಕಿದಾಗ ಬರುವ ಗಲಾಟೆ: 8ನೇ ಆವೃತ್ತಿಯಿಂದ ಆ್ಯಂಡ್ರಾಯ್ಡ್ ಗ್ರೇಡಲ್ ಪ್ಲಗಿನ್‌ಗೆ ಜಾವಾ 17 ಬೇಕು. ಎರರ್‌ನಲ್ಲೇ ಹಾಗೆಂದು ಬರೆದಿರುತ್ತದೆ, ಓದುವ ತಾಳ್ಮೆ ನಮಗಿರುವುದಿಲ್ಲ.

ಫೋನು ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲ ಎಂದರೆ ಮೊದಲು ಕೇಬಲ್ ಬದಲಿಸಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಹೋಗುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಆ್ಯಂಡ್ರಾಯ್ಡ್ 11ರಿಂದ ಈಚೆಗಿನ ಫೋನಾದರೆ ಕೇಬಲ್ ಬೇಡ, ವೈಫೈ ಮೇಲೆಯೇ ಡೀಬಗ್ ಮಾಡಬಹುದು.

ನಾವು ಪರೀಕ್ಷೆ ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಸರಿ, ಜನರಿಗೆ ಕೊಡುವ ರಿಲೀಸ್‌ನಲ್ಲಿ ಮಾತ್ರ ಹೆಸರುಗಳೆಲ್ಲ ಖಾಲಿ ಬರುತ್ತವೆ ಎಂದರೆ ಆರ್8 ಮೇಲೆ ಕಣ್ಣಿಡಿ. ಆ್ಯಪ್ ಸಣ್ಣದು ಮಾಡಲು ಅದು ನಿಮ್ಮ ‘ಫಾರ್ಮರ್ ನೇಮ್’ ಎಂಬ ಹೆಸರನ್ನು ‘ಎ’ ಎಂದು ಮಾಡಿರುತ್ತದೆ. ಸರ್ವರಿನಿಂದ ಬಂದ ಉತ್ತರದಲ್ಲಿ ‘ಎ’ ಎಲ್ಲಿರುತ್ತದೆ? ಆ ಉತ್ತರವನ್ನು ಓದುವ ಜೀಸನ್ ಲೈಬ್ರರಿ ಹುಡುಕಿ ಸಿಗದೆ ಖಾಲಿ ಬಿಡುತ್ತದೆ. ‘ಸೀರಿಯಲೈಸ್ಡ್ ನೇಮ್’ ಹಾಕಿ ಹೆಸರನ್ನು ಗಟ್ಟಿ ಮಾಡಿ. ರಿಲೀಸ್ ಬಿಲ್ಡನ್ನು ಕೊನೆಯ ದಿನ ಮೊದಲ ಸಲ ಓಡಿಸಬೇಡಿ. ಯಾವ ಹೆಸರು ಏನಾಯಿತು ಎಂಬ ಪಟ್ಟಿ ಇರುವ ಮ್ಯಾಪಿಂಗ್ ಫೈಲನ್ನು ಜೋಪಾನವಾಗಿ ಇಡಿ, ಅದಿಲ್ಲದಿದ್ದರೆ ಮುಂದೆ ಬರುವ ಕ್ರ್ಯಾಶ್ ವರದಿ ಎಲ್ಲ ‘ಎ’, ‘ಬಿ’, ‘ಸಿ’ ಮಯ.

ಇದಕ್ಕೇ ಸೇರಿದ ಒಂದು ನೋವಿನ ಮಾತು. ಇಬ್ಬರು ಸೇರಿ ಆ್ಯಪ್ ಮಾಡುತ್ತೀರಿ, ಎಪಿಕೆಯನ್ನು (ಇನ್‌ಸ್ಟಾಲ್ ಮಾಡುವ ಫೈಲು) ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೀರಿ. ಮೊದಲನೆಯದು ನಿಮ್ಮ ಲ್ಯಾಪ್‌ಟಾಪಿನದು, ಎರಡನೆಯದು ಗೆಳೆಯನದು. ಎರಡು ಲ್ಯಾಪ್‌ಟಾಪಿನ ಡೀಬಗ್ ಸಹಿ ಬೇರೆ ಬೇರೆ. ಫೋನು ‘ಆ್ಯಪ್ ಇನ್‌ಸ್ಟಾಲ್ ಆಗಲಿಲ್ಲ’ ಎನ್ನುತ್ತದೆ. ಆಗ ‘ಹಳೆಯದನ್ನು ತೆಗೆದು ಹಾಕಿ’ ಎಂದು ಫೋನಿನಲ್ಲಿ ಸಲಹೆ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ. ಆ್ಯಪ್ ಜೊತೆಗೆ ಒಂದು ಸೀಸನ್ನಿನ ಲೆಕ್ಕ ಪೂರ್ತಿ ಹೋಯಿತು. ಆ ಮನೆಗೆ ಚಹಾಕ್ಕೆ ಹೋಗಲು ನನಗೆ ಈಗಲೂ ಮುಜುಗರ.

ಹೊಸ ಆ್ಯಂಡ್ರಾಯ್ಡ್ ಬಂದಾಗ ಮುರಿಯುವುದು ಇನ್ನೊಂದು ಜಾತಿ. ಆ್ಯಪ್‌ನ ಗುರಿ (ಟಾರ್ಗೆಟ್, ಯಾವ ಆ್ಯಂಡ್ರಾಯ್ಡ್‌ಗೆಂದು ಮಾಡಿದ್ದು) 2018ರ ಆ್ಯಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾದರೆ ‘ಎಸ್’ ಇಲ್ಲದ ಎಚ್‌ಟಿಟಿಪಿ ವಿಳಾಸಕ್ಕೆ ಸುಮ್ಮನೆ ಹೋಗಲು ಬಿಡುವುದಿಲ್ಲ. 2021ರ 12ಕ್ಕೆ ಗುರಿ ಇಟ್ಟರೆ, ಇಂಟೆಂಟ್ ಫಿಲ್ಟರ್ ಇರುವ ಆ್ಯಕ್ಟಿವಿಟಿಗೆ ‘ಎಕ್ಸ್‌ಪೋರ್ಟೆಡ್’ (ಬೇರೆ ಆ್ಯಪ್‌ಗಳಿಗೂ ತೆರೆದಿದೆ) ಹೌದೋ ಅಲ್ಲವೋ ಎಂದು ಬರೆಯದೆ ಆ್ಯಪ್ ಇನ್‌ಸ್ಟಾಲೇ ಆಗುವುದಿಲ್ಲ. 2022ರ 13ರಿಂದ ನೋಟಿಫಿಕೇಶನ್ ತೋರಿಸಲೂ ಅನುಮತಿ ಕೇಳಬೇಕು. ಒಂದು ದಿನ ಇದ್ದಕ್ಕಿದ್ದಂತೆ ಕೆಟ್ಟಿತು ಎಂದರೆ ‘ಫೋನು ಅಪ್‌ಡೇಟ್ ಮಾಡಿದಿರಾ’ ಎಂದು ಕೇಳಿ.

ಕೊನೆಯದಾಗಿ ನಮ್ಮ ಕನ್ನಡಕ್ಕೇ ಅಂಟಿದ್ದು. ಅಡಿಕೆ ಬಗೆಗಳ ಪಟ್ಟಿಯಲ್ಲಿ ‘ಬೆಟ್ಟೆ’ ಎಂದು ಬರೆದಿದ್ದೆ. ಫೋನಿನಲ್ಲಿ ‘ಬೆಟೆ’ ಎಂದು ಕಾಣುತ್ತಿತ್ತು. ಕಾಗುಣಿತ ಹತ್ತು ಸಲ ನೋಡಿದೆ, ಸರಿ ಇದೆ. ಚಂದ ಕಾಣಲಿ ಎಂದು ಸಾಲಿನ ಎತ್ತರವನ್ನು ಇಷ್ಟೇ ಎಂದು ಕಟ್ಟಿಹಾಕಿದ್ದೆ. ಇಂಗ್ಲಿಷಿಗೆ ಅದು ಸಾಕು. ನಮ್ಮ ಒತ್ತಕ್ಷರ ಕೆಳಗೆ ಕೂರುತ್ತದಲ್ಲ, ಅದರ ತಲೆ ಅಲ್ಲ, ಪೂರ್ತಿ ದೇಹವೇ ಕತ್ತರಿಸಿ ಹೋಗಿತ್ತು. ಎತ್ತರ ಕಟ್ಟಬೇಡಿ, ಪಠ್ಯಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಹಾಗೆಯೇ ‘ಹೆಸರು 10 ಅಕ್ಷರಕ್ಕೆ ಕತ್ತರಿಸು’ ಎಂದು ಕೋಡ್ ಬರೆಯುವವರಿಗೆ ಒಂದು ಲೆಕ್ಕ: ‘ಸ್ತ್ರೀ’ ನಮಗೆ ಒಂದು ಅಕ್ಷರ, ನಾವು ಕೋಡ್ ಬರೆಯುವ ಕೋಟ್ಲಿನ್ ಭಾಷೆಗೆ 6. ನಡುವೆ ಕತ್ತರಿಸಿದರೆ ಏನು ಉಳಿಯುತ್ತದೋ ಅದನ್ನು ಓದಲು ಯಾರಿಗೂ ಬರುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತಂದಳು. “ಸರ್, ಎರಡು ವಾರದಿಂದ ಬಿಲ್ಡೇ ಆಗ್ತಿಲ್ಲ. ಸ್ಟುಡಿಯೋ ಮೂರು ಸಲ ಹಾಕಿದೆ.” ಎರರ್ ಓದಿದ್ದೀರಾ ಎಂದು ಕೇಳಿದೆ. ಉದ್ದ ಇದೆ ಸರ್ ಎಂದಳು. ಇಬ್ಬರೂ ಸೇರಿ ಓದಿದೆವು. ಪ್ರಾಜೆಕ್ಟಿನ ದಾರಿಯಲ್ಲಿ ಇಂಗ್ಲಿಷಲ್ಲದ ಅಕ್ಷರಗಳಿವೆ, ವಿಂಡೋಸ್‌ನಲ್ಲಿ ಇದು ನಡೆಯದೆ ಇರಬಹುದು ಎಂದು ಬರೆದಿತ್ತು. ಅವಳು ಫೋಲ್ಡರಿಗೆ ಕನ್ನಡದಲ್ಲಿ ‘ನನ್ನ ಆ್ಯಪ್’ ಎಂದು ಹೆಸರಿಟ್ಟಿದ್ದಳು. ಕನ್ನಡದ ಅಭಿಮಾನಕ್ಕೆ ಬೈಯಲು ಮನಸ್ಸಾಗಲಿಲ್ಲ. ಅದನ್ನು ಸಿ ಡ್ರೈವಿಗೆ ನಕಲು ಮಾಡಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಟ್ಟು ಬಿಲ್ಡ್ ಒತ್ತಿದೆವು. ನಾಲ್ಕೈದು ಜನ ಸುತ್ತ ನಿಂತಿದ್ದರು. ಹಸಿರು ಗೆರೆ ಮುಕ್ಕಾಲು ಭಾಗ ದಾಟಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

“ಬ್ಯಾಟರಿ ಇದೆ ಸರ್,” ಎಂದಳು.